ಐದು ಪಾಯಿಂಟ್ ಒಂಬತ್ತು

ಗೋಡೆಗೆ ಬೆನ್ನು ತಾಗಿಸಿ ನಿಂತ ಅಭಯ್‌ನ ನೆತ್ತಿಯ ಮೇಲೆ ರಾಮದಾಸ ಮೂರನೆಯ ಸಲ ರಟ್ಟಿನ ಪುಸ್ತಕ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದ. ಗೆರೆ ಹಿಂದಿನ ಎರಡರ ಮೇಲೆಯೇ ಬಿತ್ತು. ಟೇಪು ಹಿಡಿದು ನೋಡಿದರೆ ನೂರ ಎಪ್ಪತ್ತೈದು ಸೆಂಟಿಮೀಟರ್. ನೆಲ ಸಮವಾಗಿತ್ತು, ಗೋಡೆ ನೆಟ್ಟಗಿತ್ತು, ಟೇಪಂತೂ ರಾಮದಾಸ ಕೆಲಸ ಮಾಡುವ ಕಾರಿನ ಕಂಪನಿಯ ಲ್ಯಾಬಿನದು. ಸುಳ್ಳು ಹೇಳಿ ಅದಕ್ಕೆ ಗೊತ್ತೇ ಇಲ್ಲ.

"ನೆಟ್ಟಗೆ ನಿಂತ್ಕೊಳೋ. ಉಸಿರು ಎಳ್ಕೋ."

"ಎಳ್ಕೊಂಡೇ ಇದೀನಿ ಅಂಕಲ್. ಇಷ್ಟೇ. ದಿಸ್ ಈಸ್ ಇಟ್."

ರಾಮದಾಸ ಟೇಪನ್ನು ಸುತ್ತಿಕೊಳ್ಳುತ್ತ ಬೆಂಚಿನ ಮೇಲೆ ಕುಳಿತ. ಅವರ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನ ವೆಬ್‌ಸೈಟಿನಲ್ಲಿ ಈ ಹುಡುಗನ ಎತ್ತರ ಐದು ವರ್ಷದಿಂದ ನೂರ ಎಂಬತ್ತು ಎಂದಿತ್ತು. ಅಮೆರಿಕದಲ್ಲಿ ಅವನು ಆಡಿದ ಕಾಲೇಜಿನ ಪಟ್ಟಿಯಲ್ಲೂ ಅಷ್ಟೇ. ಒಂದೆರಡು ಸೆಂಟಿಮೀಟರ್ ಜಾಸ್ತಿ ಹಾಕುವುದು ಎಲ್ಲ ಕಡೆ ಇದ್ದದ್ದೇ. ಆದರೆ ಐದು ಸೆಂಟಿಮೀಟರ್ ಎಲ್ಲಿಂದ ಬಂತು?

ಶನಿವಾರ ಬೆಳಗಿನ ಹನ್ನೊಂದು ಗಂಟೆ. ಗೋಥೆನ್‌ಬರ್ಗಿನ ಅಂಚಿನಲ್ಲಿರುವ ಈ ಒಳಾಂಗಣ ಹಾಲ್ ಕಮ್ಯೂನಿನದು, ಅಂದರೆ ಪುರಸಭೆಯದು; ಒಂದು ಗಂಟೆಯವರೆಗೆ ಮಾತ್ರ ಕ್ಲಬ್ಬಿನ ಕೈಯಲ್ಲಿ. ಜರ್ಮನಿಯ ತಂಡವೊಂದು ಅಭಯ್ ಬಗ್ಗೆ ವರದಿ ಕೇಳಿತ್ತು, ಸೋಮವಾರದೊಳಗೆ ಹೋಗಬೇಕು. ಬರಿಗಾಲಲ್ಲಿ ಎತ್ತರ, ತೂಕ, ಹಳೆಯ ಆಟಗಳ ವಿಡಿಯೊ ನೋಡಿ ಅಭಿಪ್ರಾಯ. ಅವರು ಅಭಯ್ ಆಡುವ ಜಾಗಕ್ಕೆ ನೂರ ಎಂಬತ್ತಕ್ಕಿಂತ ಕಡಿಮೆಯವರನ್ನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಲೇಬೇಕೆಂದಿದ್ದರೆ ವರದಿ ಬರೆದವನು ಕಾರಣ ಕೊಟ್ಟು ಶಿಫಾರಸು ಮಾಡಬೇಕು. ಸಂಬಳ ಕೊಟ್ಟು ಆಡಿಸುತ್ತೇವೆಂದು ಅಭಯ್‌ಗೆ ಬೇರೆ ಯಾರೂ ಬರೆದಿರಲಿಲ್ಲ. ಇದೇ ಮೊದಲನೆಯ ಪತ್ರ, ನೋಡಿದರೆ ಕೊನೆಯದೂ ಇದೇ.

ಅಮೆರಿಕನ್ ಫುಟ್‌ಬಾಲ್ ಎಂದರೆ ಕನ್ನಡ ಕೂಟದಲ್ಲಿ ಈಗಲೂ ಹತ್ತರಲ್ಲಿ ಒಂಬತ್ತು ಮಂದಿ ಕಾಲಲ್ಲಿ ಒದೆಯುವ ಆಟವೆಂದೇ ತಿಳಿದಿದ್ದಾರೆ. ರಾಮದಾಸ ವಿವರಿಸಿ ವಿವರಿಸಿ ಸುಸ್ತಾಗಿ, ಈಚೆಗೆ "ಹೆಲ್ಮೆಟ್ ಹಾಕ್ಕೊಂಡು ಆಡೋ ಕಬಡ್ಡಿ ಅಂದ್ಕೊಳ್ಳಿ" ಎಂದು ಕೈ ತೊಳೆದುಕೊಳ್ಳುತ್ತಿದ್ದ. ಅಭಯ್ ಆಡುವ ಜಾಗಕ್ಕೆ ಲೈನ್‌ಬ್ಯಾಕರ್ ಎಂದು ಹೆಸರು. ಮುಂದೆ ತನ್ನ ಕಡೆಯ ದಢೂತಿ ಆಟಗಾರರ ಸಾಲು, ಅದರ ಹಿಂದೆ ಇವನು. ಚೆಂಡು ಎದುರಾಳಿಗಳಲ್ಲಿ ಯಾರ ಕೈ ಸೇರಿತೆಂದು ನೋಡಿ, ನುಗ್ಗಿ, ಅವನನ್ನು ನೆಲಕ್ಕೆ ಕೆಡವಬೇಕು. ತಡೆಯಲು ಬರುವವರು ಒಬ್ಬೊಬ್ಬರೂ ಬೀರುವಿನಷ್ಟು ಇರುತ್ತಾರೆ. ಅಲ್ಲಿ ಕುಳ್ಳನಿಗೆ ಕಣ್ಣು, ಕಾಲು ಎರಡೂ ಚುರುಕಾಗಿದ್ದರೆ ಮಾತ್ರ ಬದುಕು.

ರಾಮದಾಸ ತಾನೇನೂ ಈ ಆಟ ಆಡಿದವನಲ್ಲ. ರಾಜಾಜಿನಗರದಲ್ಲಿ ಬೆಳೆದು, ಬ್ರೇಕ್ ಪರೀಕ್ಷೆ ಮಾಡುವ ಇಂಜಿನಿಯರಾಗಿ ಸ್ವೀಡನ್ನಿಗೆ ಬಂದವನು. ಹದಿನಾರು ವರ್ಷದ ಹಿಂದೆ ಆಫೀಸಿನಲ್ಲಿ ಫೀಕಾ ಎನ್ನುವ ಕಾಫಿ ಬಿಡುವಿನಲ್ಲಿ ಮೇಲಧಿಕಾರಿ ಕೇಳಿದ್ದ: ನಮ್ಮ ಕ್ಲಬ್ಬಿಗೆ ಎಕ್ಸೆಲ್ ಗೊತ್ತಿರುವವರು ಬೇಕು, ಬರುತ್ತೀಯಾ? ಹೊಸ ದೇಶದಲ್ಲಿ ಇಲ್ಲ ಎನ್ನಲು ಸಂಕೋಚವಾಗಿ ಹೂಂ ಎಂದ. ಅಂದಿನಿಂದ ಅವನ ಶನಿವಾರಗಳೆಲ್ಲ ಇಲ್ಲೇ ಕಳೆದವು. ಹೆಂಡತಿ ಶೋಭನಾ ಬೈಯುವುದನ್ನೂ ಬಿಟ್ಟು ಎಷ್ಟೋ ಕಾಲವಾಯಿತು. ಆಟಗಾರರ ವಿಡಿಯೊ ನೋಡಿ ಅವನು ಬರೆಯುವ ವರದಿಗೆ ಹೊರಗೂ ಹೆಸರಿತ್ತು, ಹೊಗಳಿಕೆಯ ಒಂದು ಪದವೂ ಅದರಲ್ಲಿ ಪುಕ್ಕಟೆ ಸಿಗುತ್ತಿರಲಿಲ್ಲ ಎಂಬ ಕಾರಣಕ್ಕೆ.

ಫೋನು ಬಡಿದುಕೊಂಡಿತು. ಅಭಯ್‌ನ ಅಪ್ಪ ಮಹಾಬಲೇಶ್ವರ. ಮೋಲ್ನ್‌ಡಾಲ್‌ನಲ್ಲಿ ಔಷಧ ಸಂಶೋಧಕ.

"ಏನ್ ರಾಮದಾಸ್, ಅಳತೆ ಆಯ್ತಾ?"

"ನಡೀತಾ ಇದೆ."

"ಅರ್ಜೆಂಟ್ ಏನಿಲ್ಲ, ನಿಧಾನಕ್ಕೆ ಮಾಡಿ. ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ ಅಂತ ಅವನೇ ಹೇಳ್ತಿದ್ದ. ನೀವು ಯೆಸ್ ಅಂದ್ರೆ ಮುಗೀತು. ಮಗ ಹೊರಟೇ ಬಿಟ್ಟ ಅಂತ ನೀರಜಾ ಆಗ್ಲೇ ಪ್ಯಾಕಿಂಗ್ ಲಿಸ್ಟ್ ಮಾಡ್ತಾ ಕೂತಿದಾಳೆ, ನೋಡಿ!"

"ಆಮೇಲೆ ಮಾಡ್ತೀನಿ," ಎಂದು ರಾಮದಾಸ ಫೋನಿಟ್ಟ. ಆ ನಗುವಿನ ದನಿ ಕೇಳಿಯೇ ಅವನಿಗೆ ಅರ್ಧ ಆಯಾಸವಾಯಿತು.

ಲ್ಯಾಪ್‌ಟಾಪ್ ತೆರೆದು ಐದು ವರ್ಷ ಹಿಂದಿನ ಫೈಲು ಹುಡುಕಿದ. ಕ್ಲಬ್ಬಿಗೆ ಸೇರಿದ ಹುಡುಗರ ಪಟ್ಟಿ, ಅವನೇ ಮಾಡಿದ್ದು. ಅಭಯ್‌ನ ಸಾಲಿನಲ್ಲಿ ನೂರ ಎಂಬತ್ತರ ಮೇಲೆ ಕ್ಲಿಕ್ ಮಾಡಿದರೆ ಅದರ ಹಿಂದೆ ಒಂದು ಸೂತ್ರ. ಪಕ್ಕದ ಮುಚ್ಚಿಟ್ಟ ಕಾಲಮ್ಮನ್ನು ತೆರೆದ. 5.9 ಎಂದಿತ್ತು.

ಎಲ್ಲ ನೆನಪಾಯಿತು. ಹುಡುಗನ ಎತ್ತರ ಎಷ್ಟು ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಮಹಾಬಲೇಶ್ವರ "ಫೈವ್ ನೈನ್" ಎಂದಿದ್ದ. ಮಿಲಿಗ್ರಾಮಿನಲ್ಲಿ ಔಷಧ ತೂಗುವ ಮನುಷ್ಯನಾದರೂ ಮಗನ ಎತ್ತರ ಮಾತ್ರ ಅಡಿ, ಇಂಚಿನಲ್ಲೇ, ನಮ್ಮವರೆಲ್ಲರ ಹಾಗೆ. ರಾಮದಾಸನೂ ನಮ್ಮವರೆಲ್ಲ ಬರೆಯುವ ಹಾಗೆಯೇ ಬರೆದ, ಐದು, ಚುಕ್ಕೆ, ಒಂಬತ್ತು. ವಧೂವರರ ಜಾಹೀರಾತಿನಲ್ಲಿ, ಬಯೋಡೇಟಾದಲ್ಲಿ ಎಲ್ಲ ಕಡೆ ಅದು ಐದಡಿ ಒಂಬತ್ತಿಂಚು ಎಂದೇ ಲೆಕ್ಕ. ಎಕ್ಸೆಲ್‌ಗೆ ಅದೇನು ಗೊತ್ತು? ಐದು ದಶಮಾಂಶ ಒಂಬತ್ತು ಅಡಿಯೆಂದು ಹಿಡಿದು, ಅವನೇ ಹಾಕಿಕೊಟ್ಟ ಮೂವತ್ತು ದಶಮಾಂಶ ನಾಲ್ಕು ಎಂಟರಿಂದ ಗುಣಿಸಿ, ನೂರ ಎಂಬತ್ತು ಎಂದು ನೀಟಾಗಿ ಕೊಟ್ಟಿತ್ತು. ಅದನ್ನೇ ವೆಬ್‌ಸೈಟಿಗೆ ಹಾಕಿದರು, ವೆಬ್‌ಸೈಟ್ ನೋಡಿ ಅಮೆರಿಕದವರು ಬರೆದುಕೊಂಡರು. ಮಗ ಬೆಳೆದಿದ್ದಾನೆಂದು ಅಪ್ಪ ಹಿಗ್ಗಿದ. ಬ್ರೇಕಿನ ರಿಪೋರ್ಟಿನಲ್ಲಿ ಚುಕ್ಕೆ ಆಚೀಚೆಯಾದರೆ ಜೂನಿಯರ್‌ಗಳ ನೀರಿಳಿಸುವ ರಾಮದಾಸನಿಗೆ ಕೂತಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

"ಅಭಯ್, ಬಾ ಇಲ್ಲಿ. ಇದನ್ನ ನೋಡು," ಎಂದು ಪರದೆ ತಿರುಗಿಸಿ ಎಲ್ಲ ಹೇಳಿದ. ತಡೆದು ತಡೆದು ಹೇಳಿದ.

ಅಭಯ್ ಪರದೆಯನ್ನೇ ನೋಡುತ್ತ ನಿಂತಿದ್ದ. "ನಂಗೆ ನೂರ ಎಪ್ಪತ್ತೈದು ಅಂತ ಗೊತ್ತಿತ್ತು ಅಂಕಲ್. ಕಾಲೇಜಲ್ಲಿ ಫಸ್ಟ್ ಡೇನೇ ಅಳೆದ್ರು. ಕೋಚ್ ನಕ್ಕರು. ಎವ್ರಿಬಡಿ ಲೈಸ್, ಇರ್ಲಿ ಬಿಡು ಅಂದ್ರು."

"ಮತ್ತೆ ನಂಗೆ ಯಾಕೋ ಹೇಳ್ಲಿಲ್ಲ?"

"ನೀವೇ ಬೇಕು ಅಂತ ಹಾಕಿದೀರಾ ಅಂದ್ಕೊಂಡಿದ್ದೆ. ಅಂಕಲ್ ಯಾರಿಗೂ ಒಂದು ಸೆಂಟಿಮೀಟರ್ ಜಾಸ್ತಿ ಕೊಡಲ್ಲ, ನಂಗೆ ಐದು ಕೊಟ್ಟಿದಾರೆ ಅಂತ. ಸೋ ಐ ಥಾಟ್... ನಾನು ಅದನ್ನ ಪ್ರೂವ್ ಮಾಡ್ಬೇಕು ಅಂತ."

ರಾಮದಾಸನಿಗೆ ತಾನು ಹೇಳದೆ ಸುಮ್ಮನಿರಬಹುದಿತ್ತು ಎಂದು ಈಗ ಅನ್ನಿಸಿ ಪ್ರಯೋಜನವಿರಲಿಲ್ಲ.

"ಸೋ ಇಟ್ ವಾಸ್ ಜಸ್ಟ್ ಎಕ್ಸೆಲ್," ಎಂದು ಅಭಯ್ ನಕ್ಕ. ನಗು ಬೇಗ ಮುಗಿಯಿತು. ಅವನು ಹೋಗಿ ಮಷೀನಿನಿಂದ ಎರಡು ಕಾಫಿ ತಂದ. ಒಂದನ್ನು ರಾಮದಾಸನಿಗೆ ಕೊಟ್ಟು, ಇನ್ನೊಂದನ್ನು ಕುಡಿಯದೆ ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಇಪ್ಪತ್ತೆರಡು ವರ್ಷದ ಹುಡುಗ. ಅಡ್ಡಕ್ಕೆ ಅಷ್ಟು ಬೆಳೆಸಿದ ಮೈ. ಉದ್ದಕ್ಕೆ ಬೆಳೆಸಿಕೊಳ್ಳುವುದು ಯಾರ ಕೈಯಲ್ಲಿದೆ?

"ಅಂಕಲ್, ಒಂದು ಕೇಳ್ತೀನಿ. ನಾನು ನಿಜವಾಗ್ಲೂ ನೂರ ಎಂಬತ್ತು ಇದ್ದಿದ್ರೆ ನೀವು ಯೆಸ್ ಅಂತ ಬರೀತಿದ್ರಾ?"

ಹುಡುಗ ಕೇಳದಿರಲಿ ಎಂದು ರಾಮದಾಸ ಅಂದುಕೊಂಡಿದ್ದ ಪ್ರಶ್ನೆ ಅದೊಂದೇ. ಕಳೆದ ಎರಡು ವಾರ ಆಫೀಸಿನಿಂದ ಬಂದು, ಊಟ ಮಾಡಿ, ಇವನ ನಾಲ್ಕು ವರ್ಷದ ವಿಡಿಯೊಗಳನ್ನೆಲ್ಲ ನೋಡಿದ್ದ. ಮೊದಲ ಎರಡು ವರ್ಷ ನೋಡಲು ಎರಡು ಕಣ್ಣು ಸಾಲದು. ಚೆಂಡು ಎಲ್ಲಿಗೆ ಹೋಗುತ್ತದೆಂದು ಬೇರೆಯವರಿಗಿಂತ ಮೊದಲೇ ತಿಳಿಯುತ್ತಿತ್ತು, ತಿಳಿದ ಕೂಡಲೇ ಕಾಲು ಹೊರಡುತ್ತಿತ್ತು. ಮೂರನೆಯ ವರ್ಷದ ನಡುವೆ ಏನೋ ಆಯಿತು. ಕಣ್ಣಿಗೆ ಆಗಲೂ ತಿಳಿಯುತ್ತಿತ್ತು, ತಲೆ ಸರಿಯಾದ ಕಡೆಗೇ ತಿರುಗುತ್ತಿತ್ತು. ಕಾಲು ಮಾತ್ರ ಒಂದು ಗಳಿಗೆ ತಡೆದು ಹೊರಡುತ್ತಿತ್ತು. ಪೆಡಲ್ ಒತ್ತಿದ್ದಕ್ಕೂ ಚಕ್ರ ಹಿಡಿದದ್ದಕ್ಕೂ ನಡುವಿನ ಅಂತರವನ್ನು ದಿನವಿಡೀ ಅಳೆಯುವವನಿಗೆ ಅದು ಕಾಣದೆ ಇರುತ್ತದೆಯೇ? ಅಷ್ಟರಲ್ಲಿ ಇನ್ನೊಬ್ಬ ಹೋಗಿ ಕೆಡವಿರುತ್ತಿದ್ದ, ಅಭಯ್ ಕೊನೆಗೆ ಹೋಗಿ ಆ ಗುಂಪಿನ ಮೇಲೆ ಬೀಳುತ್ತಿದ್ದ. ಅಂಕಿಯಂಶದಲ್ಲಿ ಅದೂ ಅವನ ಖಾತೆಗೇ ಅರ್ಧ ಸೇರುತ್ತಿದ್ದರಿಂದ ಯಾರಿಗೂ ತಿಳಿದಿರಲಿಲ್ಲ.

"ಇಲ್ಲ," ಎಂದ ರಾಮದಾಸ. "ಆಗ್ಲೂ ಬರೀತಿರ್ಲಿಲ್ಲ."

ಅಭಯ್ ಕಾಫಿಯ ಕಪ್ಪನ್ನು ನೋಡುತ್ತಿದ್ದ. "ಯಾವಾಗಿಂದ ಕಾಣ್ಸುತ್ತೆ?"

"ಥರ್ಡ್ ಇಯರ್. ಅಕ್ಟೋಬರ್ ಆದ್ಮೇಲೆ."

"ಯಾರೂ ನೋಡಿಲ್ಲ ಅಂದ್ಕೊಂಡಿದ್ದೆ."

"ಏನಾದ್ರೂ ಏಟು ಬಿದ್ದಿತ್ತೇನೋ? ಭುಜ, ಮಂಡಿ?"

"ನಂಗಲ್ಲ." ಅಭಯ್ ಕಪ್ಪನ್ನು ಕೆಳಗಿಟ್ಟ. "ಒಬ್ಬ ರಿಸೀವರ್, ಚೆಂಡು ಹಿಡಿಯೋಕೆ ಓಡ್ತಿದ್ದ. ನಾನು ಹೊಡ್ದಿದ್ದು ಕರೆಕ್ಟಾಗೇ ಅಂಕಲ್, ಕ್ಲೀನ್ ಹಿಟ್. ರೆಫರಿ ಕೂಡ ಏನೂ ಅನ್ಲಿಲ್ಲ. ಆದ್ರೆ ಅವನು ಏಳ್ಲಿಲ್ಲ. ಕಣ್ಣು ಬಿಟ್ಕೊಂಡೇ ಇದ್ದ, ಏಳ್ತಿರ್ಲಿಲ್ಲ. ಹತ್ತು ನಿಮಿಷ. ಸ್ಟ್ರೆಚರ್ ಬಂತು. ಎಲ್ಲರೂ ನನ್ನ ಬೆನ್ನು ತಟ್ತಾ ಇದ್ರು."

"ಆಮೇಲೆ?"

"ಸರಿ ಹೋದ. ಎರಡು ವಾರಕ್ಕೆ ಮತ್ತೆ ಆಡ್ದ. ನಂಗೆ ಮೆಸೇಜ್ ಕೂಡ ಮಾಡ್ದ, ಗುಡ್ ಹಿಟ್ ಅಂತ." ಇಷ್ಟು ಹೇಳಿ ಅವನು ಇಂಗ್ಲಿಷಿನಲ್ಲಿ ಏನೋ ಶುರು ಮಾಡಿ ಬಿಟ್ಟ. ಸ್ವೀಡಿಷಿನಲ್ಲಿ ಒಂದು ಪದ ಬಾಯಿಗೆ ಬಂತು, ಅದನ್ನೂ ನುಂಗಿದ. ಕೊನೆಗೆ ಕನ್ನಡದಲ್ಲಿ, ತೀರಾ ಸಣ್ಣ ದನಿಯಲ್ಲಿ, "ನಂಗೆ ಭಯ ಆಗತ್ತೆ ಅಂಕಲ್," ಎಂದ.

ನಾಲ್ಕು ವರ್ಷದವನಾಗಿ ಈ ದೇಶಕ್ಕೆ ಬಂದ ಹುಡುಗ. ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಸೇರಿಸಿದ ಮೇಲೆ ಅವನ ಕನ್ನಡ ಹೆಚ್ಚು ಬೆಳೆದಿರಲಿಲ್ಲ. ಹಸಿವು, ನಿದ್ದೆ, ನೋವು, ಭಯ, ಇಂಥವೇ ಅದರಲ್ಲಿ ಗಟ್ಟಿಯಾಗಿ ಉಳಿದಿದ್ದ ಪದಗಳು. ರಾಮದಾಸನಿಗೆ ಎದ್ದು ಹೋಗಿ ತಲೆ ಸವರಬೇಕೆನ್ನಿಸಿತು, ಇಷ್ಟು ದೊಡ್ಡವನ ತಲೆ ಸವರುವುದು ಹೇಗೆಂದು ತಿಳಿಯದೆ ಕುಳಿತೇ ಇದ್ದ.

"ಜರ್ಮನೀಗೆ ಹೋಗೋಕೆ ಮನಸ್ಸಿದೆಯೇನೋ?"

"ಅಪ್ಪಂಗೆ ಇದೆ."

"ನಿಂಗೆ?"

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಗಾಬರಿಯಿಂದ, "ಇದನ್ನ ಅಪ್ಪಂಗೆ ಹೇಳ್ಬೇಡಿ. ಪ್ಲೀಸ್. ರಿಪೋರ್ಟಲ್ಲೂ ಬರೀಬೇಡಿ. ಅಪ್ಪ ಅದನ್ನ ಕೇಳಿ ತರಿಸ್ಕೊಂಡು ಓದ್ತಾರೆ," ಎಂದ.

ರಾಮದಾಸ ಫಾರಂ ತೆರೆದ. ತೂಕ ಬರೆದ. ಎತ್ತರ, 175. ಶಿಫಾರಸು, ಇಲ್ಲ. ಕಾರಣವೆಂಬ ಜಾಗದಲ್ಲಿ ಅವನ ಬೆರಳು ನಿಂತಿತು. ಬೇರೆ ಹುಡುಗರ ವರದಿಗಳಲ್ಲಿ ಆ ಜಾಗವನ್ನು ಅವನು ಅರ್ಧ ಪುಟ ತುಂಬಿಸುತ್ತಿದ್ದ; ಎಷ್ಟನೆಯ ಆಟ, ಎಷ್ಟನೆಯ ನಿಮಿಷ, ಕಾಲು ಎಲ್ಲಿತ್ತು ಎಂದು ಹೆಸರಿಸದೆ ಬಿಟ್ಟವನಲ್ಲ. ಅದು ಅವನ ಹೆಮ್ಮೆಯೂ ಆಗಿತ್ತು. ಇವತ್ತು ಒಂದೇ ಪದ ಬರೆದ: ಎತ್ತರ. ಮತ್ತೆ ಓದದೆ ಕಳಿಸಿಬಿಟ್ಟ.

ಆಮೇಲೆ, ಅವನಾಗಿ ಮಾಡುವ ಮೊದಲೇ ಎಂದು, ಮಹಾಬಲೇಶ್ವರನಿಗೆ ತಾನೇ ಫೋನು ಮಾಡಿದ. "ಒಂದು ವಿಷಯ ಹೇಳ್ಬೇಕು. ಆಗ್ಲಿಲ್ಲ. ಹುಡುಗ ನೂರ ಎಂಬತ್ತಿಲ್ಲ, ನೂರ ಎಪ್ಪತ್ತೈದು. ಯಾವಾಗ್ಲೂ ಅಷ್ಟೇ ಇದ್ದ. ತಪ್ಪು ನಂದು. ನೀವು ಫೈವ್ ನೈನ್ ಅಂದಿದ್ದನ್ನ ನಾನು ಫೈವ್ ಪಾಯಿಂಟ್ ನೈನ್ ಅಂತ ಹಾಕ್ಬಿಟ್ಟೆ."

ಆ ಕಡೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

"ಎಂತ ಹೇಳ್ತಿದ್ರಿ ಮಾರಾಯ್ರೆ? ಐದು ವರ್ಷ! ಐದು ವರ್ಷ ನನ್ನ ಮಗನ್ನ..." ಸಿಟ್ಟಿನಲ್ಲಿ ಮಹಾಬಲೇಶ್ವರನ ಬಾಯಿಂದ ಬೆಂಗಳೂರಿನ ಕನ್ನಡ ಕಳಚಿಕೊಂಡು ಕುಮಟಾ ಹೊರಗೆ ಬಂತು. "ನೀ ಎಂತಾ ಇಂಜಿನಿಯರ್ ಮಾರಾಯ? ಒಂದು ಚುಕ್ಕೆ ನೋಡ್ಲಿಕ್ಕೆ ಬರೂದಿಲ್ವ ನಿಂಗೆ? ಹುಡುಗ ಎಷ್ಟು ಆಸೆ ಇಟ್ಕಂಡಿದ್ದ ಗೊತ್ತುಂಟಾ?"

"ಗೊತ್ತು. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಆಗ್ಹೋಯ್ತಾ? ಮೊದ್ಲೇ ಗೊತ್ತಿದ್ರೆ ಅವ್ನು ಬೇರೆ ಎಂತಾದ್ರೂ ಮಾಡ್ತಿದ್ದ..."

ಹದಿನಾರು ವರ್ಷದ ಸ್ನೇಹದಲ್ಲಿ ಮಹಾಬಲೇಶ್ವರ ಅವನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಚುಕ್ಕೆಯ ವಿಷಯದಲ್ಲಿ ಹೇಳಿದ್ದು ಒಂದಕ್ಷರವೂ ಸುಳ್ಳಲ್ಲವಾದ್ದರಿಂದ ರಾಮದಾಸ ತಡೆಯಲಿಲ್ಲ. ನಡುನಡುವೆ ಹೂಂ ಎನ್ನುತ್ತ ಕೇಳಿಸಿಕೊಂಡ. ಅಪ್ಪನ ದನಿ ಹಾಲ್‌ನ ತುಂಬ ಕೇಳುವಷ್ಟು ಜೋರಾಗಿತ್ತು. ಅಭಯ್ ಮೊದಲು ದೂರದಿಂದಲೇ ಕೇಳಿಸಿಕೊಂಡ. ಆಮೇಲೆ ಬೆಂಚಿನ ಆ ತುದಿಯಿಂದ ಎದ್ದು ಬಂದು ರಾಮದಾಸನ ಪಕ್ಕದಲ್ಲಿ ಕುಳಿತು, ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಮಹಾಬಲೇಶ್ವರ ಕಾಲೇಜಿನಿಂದ ಹಿಡಿದು ಕನ್ನಡ ಕೂಟದವರಿಗೆ ಏನು ಹೇಳಲಿ ಎನ್ನುವವರೆಗೆ ಬಂದು, ಮತ್ತೆ ಮೊದಲಿನಿಂದ ಶುರು ಮಾಡಿದ. ಅಷ್ಟರಲ್ಲಿ ಹುಡುಗನ ಉಸಿರು ದೀರ್ಘವಾಗಿ, ಬಾಯಿ ತುಸು ತೆರೆದುಕೊಂಡು, ತಲೆ ಮೆಲ್ಲಗೆ ಜಾರಿ ರಾಮದಾಸನ ಭುಜದ ಮೇಲೆ ಬಂತು. ಒಳ್ಳೆಯ ಭಾರವಿತ್ತು. ರಾಮದಾಸ ಅಲುಗಾಡದೆ, ಇನ್ನೊಂದು ಕೈಯಿಂದ ಫೋನನ್ನು ಆಚೆಯ ಕಿವಿಗೆ ದಾಟಿಸಿಕೊಂಡ.

"ಹೇಳಿ," ಎಂದ ಮೆತ್ತಗೆ. "ಕೇಳಿಸ್ಕೋತಾ ಇದೀನಿ."