ಮೂರನೇ ಫೋಟೋ

ಮುಲುಂಡಿನ ಸೀತಾರಾಮನದು ಯಾರನ್ನಾದರೂ ಕೇಳಿ ತಿಳಿದುಕೊಳ್ಳುವ ಜಾಯಮಾನವಲ್ಲ. ಕೇಳಿದರೆ ಸುಳ್ಳು ಹೇಳುತ್ತಾರೆ, ಹುಡುಕಿದರೆ ನಿಜ ಸಿಗುತ್ತದೆ ಎಂಬುದು ಅವನ ಸಿದ್ಧಾಂತ. ಫೋರ್ಟಿನ ವಿಮಾ ಆಫೀಸಿನಲ್ಲಿ ಜನರ ಕ್ಲೇಮುಗಳನ್ನು ಅನುಮಾನಿಸುವುದಕ್ಕೇ ಅವನಿಗೆ ಸಂಬಳ. ಸಂಜೆ ಮನೆಗೆ ಬಂದು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದ. ಚಪ್ಪಲಿ ಬಿಡುವ ಮೊದಲೇ ಟಿವಿಯ ಬೆನ್ನು ಮುಟ್ಟಿ ಬಿಸಿಯಿದೆಯೇ ಎಂದು ನೋಡುತ್ತಿದ್ದ. ತೊಳೆದು ಬೋರಲು ಹಾಕಿದ ಲೋಟಗಳನ್ನು ನೋಡಿ ಹಗಲು ಯಾರು ಬಂದಿದ್ದರೆಂದು ಊಹಿಸುತ್ತಿದ್ದ. ಹೆಂಡತಿ ಪಂಕಜಾ ಎಲ್ಲವನ್ನೂ ಕಂಡೂ ಕಾಣದ ಹಾಗೆ ಇದ್ದುಬಿಡುತ್ತಿದ್ದಳು. ಮೈಸೂರಿನಿಂದ ಅವಳು ಮದುವೆಯಾಗಿ ಬಂದು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ, ಜಗಳವೂ ಇರಲಿಲ್ಲ. ಜಗಳವಿಲ್ಲದ್ದನ್ನೇ ಅವನು ಸುಖವೆಂದು ತಿಳಿದಿದ್ದ.

ಎಂಬತ್ತಾರರ ಒಂದು ಬುಧವಾರ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದರೆ ಬಾಗಿಲಿಗೆ ಬೀಗ. ಪಂಕಜಾ ಬಂದದ್ದು ಸಂಜೆಯ ಹೊತ್ತಿಗೆ. ಕೂದಲಿಗೆ ಎಣ್ಣೆಯಿಲ್ಲ, ಹಣೆಯಲ್ಲಿ ಕುಂಕುಮವಿಲ್ಲ, ಕೂದಲಿನ ಬುಡದಲ್ಲಿ ಎಂಥದೋ ಬಿಳಿಯ ಅಂಟು ಒಣಗಿ ಕೂತಿತ್ತು. ಹಣೆಗಿಡದೆ ಹಾಲು ತೆಗೆದುಕೊಳ್ಳುವುದಕ್ಕೂ ಬಾಗಿಲು ತೆರೆಯದ ಹೆಂಗಸು ಅವಳು.

"ಕೆಳಗಡೆ ಮನೆ ಕಸ್ತೂರಿಬಾಯಿಯವರ ಜೊತೆ ಮಾರ್ಕೆಟ್‌ಗೆ ಹೋಗಿದ್ದೆ ರೀ," ಎಂದಳು. ಕೈಯಲ್ಲಿ ಚೀಲವಿರಲಿಲ್ಲ.

ಅವಳು ಬಚ್ಚಲಿಗೆ ಹೋದದ್ದೇ ತಡ, ಕಪಾಟು ತೆಗೆದ. ಸೀರೆಗಳ ನಡುವೆ ಏನೂ ಸಿಗಲಿಲ್ಲ. ಕೊನೆಗೆ ಆಲ್ಬಮ್ ಬಿಡಿಸಿದರೆ ಮೂರು ಫೋಟೋ ಮಾಯವಾಗಿದ್ದವು: ಪಂಕಜಾಳ ತೀರಿಕೊಂಡ ಅಮ್ಮನದು, ಇವನ ಅಕ್ಕ ಸರಸ್ವತಿಯದು, ಟೈ ಕಟ್ಟಿಕೊಂಡು ತೆಗೆಸಿಕೊಂಡ ಇವನದೇ ಒಂದು. ಇನ್ನೊಬ್ಬನ ಸಹವಾಸ ಮಾಡಿದವಳಿಗೆ ಗಂಡನ ಫೋಟೋ ಯಾಕೆ ಬೇಕು? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಬಗೆಹರಿಸಿಕೊಟ್ಟದ್ದು ಮರುದಿನದ ಲೋಕಲ್ ರೈಲು. ಭಾಂಡುಪಿನಲ್ಲಿ ಹತ್ತಿದ ಜನ ಅವನನ್ನು ಡಬ್ಬಿಯ ಗೋಡೆಗೆ ಒತ್ತಿ ನಿಲ್ಲಿಸಿದರು. ಕಣ್ಣೆದುರಿಗೇ ಒಬ್ಬ ವಶೀಕರಣದ ಬಾಬಾನ ಭಿತ್ತಿಪತ್ರ: ಗಂಡನ ಫೋಟೋ ತನ್ನಿ, ಅವನು ನಿಮ್ಮ ಮುಷ್ಟಿಯಲ್ಲಿ. ವರ್ಷಗಟ್ಟಲೆ ಅದನ್ನು ನೋಡಿ ನಕ್ಕಿದ್ದವನು ಅವತ್ತು ಎರಡೆರಡು ಸಲ ಓದಿದ. ಬರಿ ಹಣೆ, ಎಣ್ಣೆ ಕಾಣದ ಕೂದಲು, ಬಿಳಿಯ ಲೇಪ, ಎಲ್ಲ ಒಂದಕ್ಕೊಂದು ತಾಳೆಯಾದವು. ಅಂದಿನಿಂದ ಕಾಫಿಯಲ್ಲೂ ಏನೋ ವಾಸನೆ ಬರತೊಡಗಿತು. ಆಫೀಸಿನಲ್ಲಿ ಬುದ್ಧಿವಂತನೆನಿಸಿಕೊಂಡಿದ್ದ ಈ ಮಹಾಶಯ ಅವಳು ಕೊಟ್ಟ ಲೋಟವನ್ನು ಕಿಟಕಿಯಾಚೆ ಸುರಿದು, ಸ್ಟೇಷನ್ನಿನಲ್ಲಿ ಚಹಾ ಕುಡಿಯತೊಡಗಿದ.

ಮುಂದಿನ ಬುಧವಾರ ಆಫೀಸಿಗೆಂದು ಹೊರಟು ಸ್ಟೇಷನ್ನಿನ ಪೇಪರ್ ಸ್ಟಾಲಿನ ಹಿಂದೆ ನಿಂತ. ಪಂಕಜಾ ಬಂದಳು, ಲೇಡೀಸ್ ಡಬ್ಬಿ ಹತ್ತಿದಳು. ಇವನು ಪಕ್ಕದ ಡಬ್ಬಿಯ ಬಾಗಿಲಲ್ಲಿ ಜೋತುಬಿದ್ದು ಪ್ರತಿ ಸ್ಟೇಷನ್ನಿನಲ್ಲೂ ಕತ್ತು ಚಾಚಿದ. ಅವಳು ಕುರ್ಲಾದಲ್ಲಿಳಿದು ಬಸ್ಸು ಹಿಡಿದಳು. ಇವನು ರಿಕ್ಷಾದಲ್ಲಿ ಹಿಂಬಾಲಿಸಿದ. ಬಸ್ಸು ನಿಂತದ್ದು ಯೂನಿವರ್ಸಿಟಿಯ ಮುಂದೆ. ಇಂಥ ಜಾಗದಲ್ಲಿ ಬಾಬಾ ಕೂತಿರುತ್ತಾನೆಯೇ ಎಂದು ಮೊದಲ ಸಲ ಅನುಮಾನದ ಮೇಲೆಯೇ ಅನುಮಾನ ಬಂತು.

ಅವಳು ಹೊಕ್ಕ ಕೋಣೆಯ ಬಾಗಿಲಿಗೆ ಮನಃಶಾಸ್ತ್ರ ವಿಭಾಗವೆಂಬ ಬೋರ್ಡಿತ್ತು. ಹೊರಗೆ ಸುಳಿದಾಡುತ್ತಿದ್ದವನನ್ನು ಹಿಡಿದದ್ದು ಕಸ್ತೂರಿಬಾಯಿಯ ಮಗಳು ವೈಜಯಂತಿ. ಅವಳು ಅಲ್ಲಿ ಎಂ.ಎ. ಓದುತ್ತಿದ್ದಳು.

"ಅರೆ ಕಾಕಾ, ನೀವೂ ಬಂದ್ರೇನು? ಪಂಕಜಾ ಕಾಕೂ ಹೇಳ್ಯಾರಂತ ಆತು. ಒಳಗ ಬರ್ರಿ, ಆವಾಜ್ ಮಾಡಬ್ಯಾಡ್ರಿ."

ಒಳಗೊಂದು ಗಾಜಿನ ಗೋಡೆ. ಆಚೆಯ ಕತ್ತಲಲ್ಲಿ ಪಂಕಜಾ ಇವರಿಗೆ ಬೆನ್ನು ಮಾಡಿ ಕೂತಿದ್ದಳು. ತಲೆಗೆ, ಹಣೆಗೆ, ಬೆರಳಿಗೆ ತಂತಿಗಳು. ಈಚೆ ಒಂದು ಯಂತ್ರ, ಉರುಳುವ ಕಾಗದದ ಮೇಲೆ ಗೆರೆ ಎಳೆಯುವ ಪೆನ್ನುಗಳು. ಬಾಬಾನೂ ಇಲ್ಲ, ಪ್ರಿಯಕರನೂ ಇಲ್ಲ. ಸೀತಾರಾಮನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

"ಮನಸಿನ್ಯಾಗ ಏನರ ಆದ್ರ ಮೈಯಾಗ ಏನಾಗತದ ಅಂತ ನೋಡತೇವಿ," ಎಂದಳು ವೈಜಯಂತಿ. "ತಂತಿ ಅಂಟಸಲಿಕ್ಕೆ ಹಣಿ ಒರಸಿ ಬಿಳೇ ಪೇಸ್ಟ್ ಹಚ್ಚತೇವಿ. ಗೃಹಿಣಿಯರು ಬೇಕಾಗಿದ್ರು, ಕಾಕೂ ಹೂಂ ಅಂದ್ರು. ಮೂರು ಫೋಟೋ ತರ್ರಿ ಅಂದಿದ್ವಿ. ಒಂದು ಪ್ರೀತಿದ್ದು, ಒಂದು ಸಿಟ್ಟು ಬರೂದು, ಇನ್ನೊಂದು ನೋಡಿದ್ರ ಏನೂ ಅನಸಬಾರದು, ಮತ್‌ಲಬ್ ನ್ಯೂಟ್ರಲ್."

ಅಮ್ಮ, ಅಕ್ಕ, ತಾನು. ಸೀತಾರಾಮ ಮನಸ್ಸಿನಲ್ಲೇ ಜೋಡಿಸಿ ನೋಡಿದ. ಅಕ್ಕನನ್ನು ಕಂಡರೆ ಪಂಕಜಾಗೆ ಆಗುವುದಿಲ್ಲವೆಂಬುದು ಅವನಿಗೂ ಗೊತ್ತಿತ್ತು.

"ನಂದು ಯಾವ್ದಮ್ಮ?"

ಹುಡುಗಿ ತಡವರಿಸಿದಳು. "ಹೇಳಬಾರದು ಖರೆ. ಆದ್ರ ನೀವು ಮನಿಯವರs. ಮೂರನೇದು ಕಾಕಾ."

ಅಷ್ಟರಲ್ಲಿ ಆಚೆಯ ಪರದೆಯ ಮೇಲೆ ಟೈ ಕಟ್ಟಿದ ಅವನ ಮುಖ ಆಳೆತ್ತರ ಮೂಡಿತು. ಈಚೆ ಪೆನ್ನು ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಓಡಿತು.

"ನೋಡ್ರಿ, ಇದs ನಮಗ ತ್ರಾಸ್ ಆಗೇದ. ಏನೂ ಅನಸಂಗಿಲ್ಲ ಅಂತ ಕಾಕೂ ಹೇಳತಾರ, ಪೆನ್ನು ಮಾತ್ರ ಪ್ರತಿ ಸಲ ಹಿಂಗs ಓಡತದ. ಬ್ಯಾರೆ ಫೋಟೋ ತರಸು ಅಂದಾರ ನಮ್ಮ ಮೇಡಂ."

ಅವನ ಮುಖ ಅರಳಿತು. "ಹಾಗಾದ್ರೆ ಪ್ರೀತಿ ಅಂತ ತಾನೆ?"

"ಅದು ಮಷೀನಿಗೆ ಗೊತ್ತಾಗಂಗಿಲ್ಲ ಕಾಕಾ. ಏನೋ ಆತು ಅನ್ನೂದಷ್ಟ ಗೊತ್ತಾಗತದ. ಪ್ರೀತಿಗೂ ಹಿಂಗs, ಅಂಜಿಕಿಗೂ ಹಿಂಗs."

ತಾನು ಬಂದದ್ದನ್ನು ಪಂಕಜಾಗೆ ಹೇಳಬೇಡವೆಂದು ಹೇಳಿ ಹೊರಬಿದ್ದ. ಸಂಜೆಯವರೆಗೆ ಎಲ್ಲೆಲ್ಲೋ ಅಲೆದ. ಪ್ರೀತಿಯೇ ಇರಬೇಕು, ಹೆಂಗಸರು ಬಾಯಿಬಿಟ್ಟು ಹೇಳುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡ. ಆಸೆಯಾಯಿತು ಅವನಿಗೆ, ನಾಚಿಕೆಯಾಗುವಷ್ಟು ಆಸೆ.

ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಮೇಲಿನಿಂದ ನಗು ಕೇಳಿಸಿತು. ಯಾರದೋ ದನಿಯನ್ನು ಅಣಕಿಸುತ್ತ, ಉಸಿರುಕಟ್ಟುವ ಹಾಗೆ ಒಬ್ಬ ಹೆಂಗಸು ನಗುತ್ತಿದ್ದಳು. ಕಸ್ತೂರಿಬಾಯಿಯ ನಗು ಅವನಿಗೆ ಗೊತ್ತಿತ್ತು, ಇದು ಅದಲ್ಲ. ಪಂಕಜಾಳದೆಂದು ತಿಳಿಯುವುದಕ್ಕೆ ಒಂದು ಮಹಡಿ ಹತ್ತಬೇಕಾಯಿತು. ಇಷ್ಟು ವರ್ಷ ಜೊತೆಗಿದ್ದೂ ಅವನು ಆ ನಗು ಕೇಳಿರಲಿಲ್ಲ. ಇನ್ನಷ್ಟು ಕೇಳಬೇಕೆನಿಸಿ ನಿಂತ. ಗಂಟಲು ಕೆರೆದು ಕೆಮ್ಮು ಬಂತು.

ನಗು ನಿಂತಿತು. ಕಸ್ತೂರಿಬಾಯಿ ಸೆರಗು ಸರಿಮಾಡಿಕೊಳ್ಳುತ್ತ, ಅವನ ಮುಖ ನೋಡದೆ ಇಳಿದುಹೋದರು. ಪಂಕಜಾ ಬಾಗಿಲಲ್ಲಿ ಗೋಡೆಗೆ ಸರಿದು ನಿಂತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ.

ಮದುವೆಯಾದ ಮೇಲೆ ಮೊದಲ ಸಲ ಸೀತಾರಾಮ ಹುಡುಕದೆ ಕೇಳಿದ. "ಪಂಕಜಾ, ನನ್ನ ಕಂಡ್ರೆ ನಿಂಗೆ ಭಯಾನಾ?"

"ಇಲ್ವಲ್ಲ," ಎಂದಳು ಥಟ್ಟನೆ. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಯಾಕ್ರೀ, ನಾನೇನು ತಪ್ಪು ಮಾಡ್ದೆ?"