ಅತ್ತೆ ಪಾಸಾದ ಪರೀಕ್ಷೆ

ಆ ಬೆಳಿಗ್ಗೆ ದ್ಯಾಮಕ್ಕ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡಳು. ಮೇಲೊಂದು ಲೋಟ ಮಜ್ಜಿಗೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು, ನೆಟ್ಟಗೆ ಹೋಗಿ ಎದುರುಮನೆ ಎರ್ರೆಪ್ಪನ ಕಟ್ಟೆಯ ಮೇಲೆ ಕೂತಳು.

"ಎರಡು ದಿನಾತಪಾ, ನನ್ನ ಸೊಸಿ ಒಂದು ತುತ್ತು ಹಾಕಿಲ್ಲ."

ಹೇಳುವಾಗ ಅವಳ ಕಣ್ಣು ತುಂಬಿತ್ತು. ಸುಳ್ಳು ಹೇಳುವವರಿಗೆ ಹಾಗೆ ಅಳು ಬರುವುದಿಲ್ಲ. ಅತ್ತೆ ಉಂಡ ತಾಟು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ ಸೊಸೆ ಶಾಂತಕುಮಾರಿಗೆ ಅದೇ ತಿಳಿಯುತ್ತಿರಲಿಲ್ಲ.

ಅವಳು ಈ ಮನೆಗೆ ಬಂದು ಹದಿನೆಂಟು ವರ್ಷ. ಅತ್ತೆ ಸೊಸೆ ಜಗಳ ಆಡಿಲ್ಲ ಅಂತಲ್ಲ, ಚೆನ್ನಾಗಿಯೇ ಆಡಿದ್ದಾರೆ. ಆದರೆ ದ್ಯಾಮಕ್ಕನ ಬಾಯಲ್ಲಿ ಸುಳ್ಳು ಬಂದದ್ದಿಲ್ಲ. ಈಗ ಆರು ತಿಂಗಳಿಂದ ಇದೇನು? ಹಗೆಯೋ? ಯಾರಾದರೂ ಕಿವಿ ಊದಿದರೋ? ಒಂದೊಂದು ದಿನ ಶಾಂತಕುಮಾರಿಗೆ ತನ್ನ ಮೇಲೇ ಅನುಮಾನ ಬರುತ್ತಿತ್ತು. ನಿಜವಾಗಿಯೂ ಬಡಿಸಿದೆನೋ ಇಲ್ಲವೋ ಎಂದು ರೊಟ್ಟಿ ಬುಟ್ಟಿಗೆ ಕೈ ಹಾಕಿ ಎಣಿಸುತ್ತಿದ್ದಳು.

ಓಣಿಯವರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಹಸಿದ ಮುದುಕಿ, ಕಲ್ಲುಮನಸ್ಸಿನ ಸೊಸೆ, ಮಾತಾಡಲು ಇನ್ನೇನು ಬೇಕು? ಒಬ್ಬರು ಅನ್ನ ಕೊಟ್ಟರು, ಇನ್ನೊಬ್ಬರು ಮಂಡಕ್ಕಿ ಕೊಟ್ಟರು. ನಾಲ್ಕು ಮನೆಯಲ್ಲಿ ಉಂಡು ಸಂಜೆಗೆ ದ್ಯಾಮಕ್ಕನ ಹೊಟ್ಟೆ ಕೆಟ್ಟಿತು. ಆ ಹೊಲಸನ್ನು ತೊಳೆದು ಬಳಿದವಳೂ ಶಾಂತಕುಮಾರಿಯೇ. ಮರುದಿನ ನಲ್ಲಿಯ ಹತ್ತಿರ ಅವಳು ಕೊಡ ಇಟ್ಟಾಗ ಹೆಂಗಸರು ಮುಖ ತಿರುಗಿಸಿದರು.

ಗಂಡ ಪಾಲಾಕ್ಷಪ್ಪ ಕೊಟ್ಟೂರಿನಲ್ಲಿ ಲಗೇಜ್ ಆಟೋ ಓಡಿಸುವವ. ಹೆಂಡತಿ ಅತ್ತು ಹೇಳಿದರೆ ನಕ್ಕುಬಿಟ್ಟ. "ಅರವತ್ತಕ್ಕ ಅರಳು ಮರಳು ಅಂತಾರ. ಅವ್ವಗ ಎಪ್ಪತ್ತೆರಡು. ಹನ್ನೆರಡು ವರ್ಷ ತಡಾ ಆಗೇತಿ, ಅಷ್ಟ."

ಇಂಥದ್ದರಲ್ಲಿ ಊರಿನ ಆಶಾ ಕಾರ್ಯಕರ್ತೆ ನೂರೀನ ಇವರ ಮನೆಗೆ ಬಂದಳು. ಬುಧವಾರ ಅಂಗನವಾಡಿಗೆ ಡಾಕ್ಟರ್ ಶಿವಮ್ಮ ಬರುತ್ತಾರೆ, ವಯಸ್ಸಾದವರ ನೆನಪಿನ ಶಕ್ತಿ ಪರೀಕ್ಷೆ ಮಾಡುತ್ತಾರೆ ಎಂದಳು. ಅವರು ಇಲ್ಲೇ ಹಡಗಲಿ ಕಡೆಯ ಹೊಳಲಿನವರು, ಇಪ್ಪತ್ತಾರು ವರ್ಷದಿಂದ ಇದೊಂದನ್ನೇ ಸಂಶೋಧನೆ ಮಾಡುತ್ತಿದ್ದಾರಂತೆ.

"ಮರೆವು ಅಂದ್ರ ಮರೆವು. ಅದರಾಗ ಇಪ್ಪತ್ತಾರು ವರ್ಷ ಓದಾಕ ಏನೈತಿ?" ಎಂದಳು ಶಾಂತಕುಮಾರಿ.

"ಅದನ್ನ ಅವರನ್ನ ಕೇಳ್ರಿ ಅಕ್ಕಾ. ಅತ್ತಿನ್ನ ಮಾತ್ರ ತಪ್ಪದ ಕರ್ಕೊಂಡು ಬರ್ರಿ."

ಅಷ್ಟರಲ್ಲಿ ಎರ್ರೆಪ್ಪ ಇನ್ನೊಂದು ಸುದ್ದಿ ಹಬ್ಬಿಸಿದ. ಪರೀಕ್ಷೆಯಲ್ಲಿ ಫೇಲಾದರೆ ತಲೆ ಸರಿಯಿಲ್ಲ ಎಂದು ಬರೆದುಕೊಳ್ಳುತ್ತಾರೆ, ಆಮೇಲೆ ಪಿಂಚಣಿ ಬಂದ್, ಹೆಬ್ಬೆಟ್ಟು ಒತ್ತಿದರೂ ನಡೆಯುವುದಿಲ್ಲ ಎಂದ. ಎಲ್ಲಿ ಕೇಳಿದ್ದೋ ಅವನಿಗೇ ಗೊತ್ತಿರಲಿಲ್ಲ. ಪಾಲಾಕ್ಷಪ್ಪ ಹೆದರಿದ. ಹೋಗದಿದ್ದರೆ ಅನುಮಾನ, ಹೋದರೆ ಫೇಲು. ಏನು ಮಾಡುವುದು?

ಪ್ರಶ್ನೆಪತ್ರಿಕೆ ಲೀಕ್ ಆಗಲು ಎಸ್ಸೆಸ್ಸೆಲ್ಸಿಯೇ ಬೇಕೆಂದಿಲ್ಲ. ಹಿಂದಿನ ವಾರ ಪಕ್ಕದ ಊರಲ್ಲಿ ಇದೇ ಪರೀಕ್ಷೆ ನಡೆದಿತ್ತು. ಅಲ್ಲಿ ಯಾರೋ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟಿದ್ದರು. ಅದು ಪಾಲಾಕ್ಷಪ್ಪನ ಕೈಗೂ ಬಂತು. "ಮೂರು ದಿನ ಐತಿ, ಅವ್ವಗ ಕಲಿಸು" ಎಂದು ಹೆಂಡತಿಗೆ ಒಪ್ಪಿಸಿದ.

ಶಾಂತಕುಮಾರಿ ಒಲೆ ಮುಂದೆ ಪಾಠ ಶುರು ಮಾಡಿದಳು. ಇವತ್ತು ಯಾವ ವಾರ? ಬುಧವಾರ. ಸಂತಿ ಯಾವಾಗ? ಗುರುವಾರ. ಮುಂಗಾರಿಗೆ ಏನು ಬಿತ್ತುತ್ತಾರೆ? ಶೇಂಗಾ. ನೆನಪಿಡಬೇಕಾದ ಮೂರು ಮಾತು ಯಾವುವು? ಕುಡುಗೋಲು, ಬೆಲ್ಲ, ಕಂಬಳಿ. ಹೇಳಿಕೊಟ್ಟ ಗಳಿಗೆಯಲ್ಲೇ ಅತ್ತೆ ಮರೆಯುತ್ತಿದ್ದಳು. ಕೊನೆಗೆ ಶಾಂತಕುಮಾರಿ ಉತ್ತರಗಳನ್ನು ಬೀಸುವ ಪದದ ಧಾಟಿಗೆ ಹಾಕಿ ಹಾಡಿದಳು. ಹಗಲೆಲ್ಲ ಹಾಡಿದ ಮೇಲೆ ದ್ಯಾಮಕ್ಕ ತಾನೂ ತೊಡೆ ತಟ್ಟುತ್ತ ಹಾಡತೊಡಗಿದಳು. ಉಂಡ ಊಟ ನೆನಪಿಲ್ಲದವಳಿಗೆ ಇದು ಹೇಗೆ ನಿಂತಿತು? ಶಾಂತಕುಮಾರಿಗೆ ಮತ್ತಷ್ಟು ಗೊಂದಲವಾಯಿತು.

ಬುಧವಾರ ಅಂಗನವಾಡಿ ತುಂಬಿತ್ತು. ಡಾಕ್ಟರ್ ಶಿವಮ್ಮ ಚಾಪೆಯ ಮೇಲೆ ಎದುರಿಗೇ ಕೂತು ಕೇಳಿದರು. ದ್ಯಾಮಕ್ಕ ತೊಡೆ ತಟ್ಟುತ್ತ, ಬಾಯಲ್ಲೇ ಗುನುಗುತ್ತ ಒಂದೂ ತಪ್ಪದೆ ಉತ್ತರ ಕೊಟ್ಟಳು. ಡಾಕ್ಟರು ಒಮ್ಮೆ ಅವಳ ತಟ್ಟುವ ಕೈ ನೋಡಿದರು, ಮುಂದಿನ ಪ್ರಶ್ನೆ ಕೇಳಿದರು. ಪಾಲಾಕ್ಷಪ್ಪ ಗೋಡೆಗೆ ಒರಗಿ ಉಸಿರುಬಿಟ್ಟ. ಆಗ ದ್ಯಾಮಕ್ಕ ಡಾಕ್ಟರ ಕೈ ಹಿಡಿದುಕೊಂಡಳು.

"ಎವ್ವಾ, ಎರಡು ದಿನಾತು, ನನ್ನ ಸೊಸಿ ಉಣ್ಣಾಕ ಹಾಕಿಲ್ಲ."

ಎಲ್ಲರೂ ಶಾಂತಕುಮಾರಿಯ ಕಡೆ ತಿರುಗಿದರು. "ಅಕಿ ನೆನಪು ನೆಟ್ಟಗೈತಲ್ಲ. ಮತ್ತ ಸುಳ್ಳು ಹೆಂಗಾಕೈತಿ?" ಎಂದ ಎರ್ರೆಪ್ಪ.

ಶಾಂತಕುಮಾರಿಗೆ ಆಗ ಹೊಳೆಯಿತು. ಅತ್ತೆ ಪಾಸಾದರೆ ತಾನು ಅನ್ನ ಹಾಕದ ಸೊಸೆ. ಅತ್ತೆ ಫೇಲಾದರೆ ಪಿಂಚಣಿ ಹೋಗುತ್ತದೆ, ಗಂಡ ಬಯ್ಯುತ್ತಾನೆ. ತನ್ನ ಕೈಯಾರೆ ತನ್ನ ಮೇಲೆ ಸಾಕ್ಷಿ ಕಟ್ಟಿಕೊಂಡಿದ್ದಳು. ಗಂಡ ಕಣ್ಣು ಮಿಟುಕಿಸಿ ಸುಮ್ಮನಿರು ಎಂದ. ಹದಿನೆಂಟು ವರ್ಷ ಬಡಿಸಿದ ಕೈ ಅವಳದು. ಸುಮ್ಮನಿರಲು ಆಗಲಿಲ್ಲ.

"ನಾನ ಕಲಿಸೀನಿ ಡಾಕ್ಟ್ರಮ್ಮ. ಮೂರು ದಿನ ಹಾಡಿ ಹಾಡಿ ಕಲಿಸೀನಿ. ಮುಂಜಾನಿ ಉಂಡದ್ದು ಅತ್ತಿಗೆ ನೆನಪಿರಂಗಿಲ್ರಿ."

ಡಾಕ್ಟರು ಸಿಟ್ಟಾಗಲಿಲ್ಲ. ದ್ಯಾಮಕ್ಕನಿಗೆ ಎಮ್ಮೆ, ಉಪ್ಪು, ಏಣಿ ಎಂಬ ಮೂರು ಹೊಸ ಮಾತು ಹೇಳಿ, ಎರಡು ಸಲ ಹೇಳಿಸಿದರು. ತವರಿನ ಸುದ್ದಿ ಸ್ವಲ್ಪ ಹೊತ್ತು ಮಾತಾಡಿ, ಆ ಮೂರು ಯಾವುವು ಎಂದು ಕೇಳಿದರು. ದ್ಯಾಮಕ್ಕ ಮುಖ ಅರಳಿಸಿ "ಕುಡುಗೋಲು, ಬೆಲ್ಲ, ಕಂಬಳಿ" ಎಂದಳು.

ಡಾಕ್ಟರು ತಮ್ಮ ಕಥೆ ಹೇಳಿದರು. ಮೊದಲ ವರ್ಷ ಅವರು ತಂದದ್ದು ಹೊರದೇಶದ ಪರೀಕ್ಷೆ. ಗಡಿಯಾರ ಬರೆಯಿರಿ, ನೂರರಲ್ಲಿ ಏಳೇಳು ಕಳೆಯಿರಿ ಎಂದರೆ ಪೆನ್ನು ಹಿಡಿಯದ ಮುದುಕರೆಲ್ಲ ಫೇಲಾದರು. ಅವರ ತಾಯಿಯೂ ಫೇಲಾದರು, ಮೂರು ತಲೆಮಾರಿನ ಬೀಗರ ಹೆಸರನ್ನು ಬಾಯಲ್ಲೇ ಹೇಳುವಾಕೆ. "ತಪ್ಪು ನಮ್ಮವ್ವನ ತಲ್ಯಾಗ ಇರಲಿಲ್ಲ, ನನ್ನ ಕಾಗದದಾಗ ಇತ್ತು. ಸಂತಿ, ಬಿತ್ತಿಗಿ ಅಂತ ನಮ್ಮ ಮಂದಿ ಮಾತಿನಾಗ ಪ್ರಶ್ನಿ ಕಟ್ಟಾಕ ಹನ್ನೆರಡು ವರ್ಷ ಹೋತು. ಆವಾಗ ನೆಟ್ಟಗಿದ್ದೋರು ಫೇಲಾದ್ರು. ಇವತ್ತು ಜಡ್ಡು ಇದ್ದೋರು ಪಾಸಾದ್ರು. ಎರಡರಾಗೂ ಕಷ್ಟ ಮುದುಕರಿಗೇ."

ಈ ಕಾಗದ ಯಾವ ಕಚೇರಿಗೂ ಹೋಗುವುದಿಲ್ಲ, ಪಿಂಚಣಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಎರ್ರೆಪ್ಪನನ್ನೇ ನೋಡಿ ಹೇಳಿದರು. ಹಳೆಯದು ನೆನಪಿದ್ದು ಇವತ್ತಿನದು ಮರೆತರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಗೊತ್ತಿರುವ ದಾರಿ ತಪ್ಪಿದರೆ ಅದು ಬರಿಯ ವಯಸ್ಸಲ್ಲ, ಮಿದುಳಿನ ಕಾಯಿಲೆ ಇರಬಹುದು. ಕೆಲವರಿಗೆ ಮರೆವು ಬರುವುದು ಥೈರಾಯ್ಡ್ ತೊಂದರೆಯಿಂದ, ಕೆಲವರಿಗೆ ಬಿ-12 ವಿಟಮಿನ್ ಕೊರತೆಯಿಂದ. ಅದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಅದಕ್ಕೆ ಔಷಧಿ ಇದೆ ಎಂದರು.

"ಅದೇನೂ ಇರದಿದ್ರ, ಅತ್ತಿ ಮೊದಲಿನಂಗ ಆಗ್ತಾರೇನ್ರಿ?" ಶಾಂತಕುಮಾರಿ ಕೇಳಿದಳು.

"ಇಲ್ಲವ್ವಾ. ಇಪ್ಪತ್ತಾರು ವರ್ಷ ಓದಿದ ಮ್ಯಾಲೂ ಆ ಔಷಧಿ ನನ್ನ ಹತ್ರ ಇಲ್ಲ. ಆದ್ರ ಅಕಿ ಸುಳ್ಳು ಹೇಳಿಲ್ಲ. ನೀನೂ ಉಪಾಸ ಕೆಡವಿಲ್ಲ. ಇಷ್ಟು ಮಾತ್ರ ಖಾತ್ರಿ ಹೇಳ್ತೀನಿ."

ಎಲ್ಲರ ಎದುರಿಗೆ ಆ ಮಾತು ಕೇಳಿ ಶಾಂತಕುಮಾರಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಪಾಲಾಕ್ಷಪ್ಪ ಮರುದಿನವೇ ತಾಯಿಯನ್ನು ಕೂಡ್ಲಿಗಿಯ ಆಸ್ಪತ್ರೆಗೆ ಕರೆದೊಯ್ದ. ಬಿ-12 ಕಡಿಮೆ ಇತ್ತು, ಸೂಜಿ ಹಾಕಿಸಿದರು. ದ್ಯಾಮಕ್ಕನಿಗೆ ಸುಸ್ತು ಕಡಿಮೆಯಾಯಿತು, ಮರೆವು ಅಷ್ಟಾಗಿ ಇಳಿಯಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ತೋರಿಸಿದ ಮೇಲೆ ಇದು ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಎಂದರು. ಉಂಡಿಲ್ಲ ಎಂದರೆ ವಾದ ಮಾಡಬೇಡಿ, ದಿನದ ಊಟವನ್ನೇ ಐದಾರು ಪಾಲು ಮಾಡಿ ಕೊಡಿ, ಓಣಿಯವರಿಗೆ ವಿಷಯ ತಿಳಿಸಿ ಎಂದು ನೂರೀನ ಹೇಳಿಕೊಟ್ಟಳು.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಶಾಂತಕುಮಾರಿ ಅನ್ನ ಸಾರು ಕಲಸಿ ತುತ್ತು ಕೊಡುತ್ತಿದ್ದಳು. ದ್ಯಾಮಕ್ಕ ಅವಳ ಮುಖವನ್ನೇ ನೋಡಿದಳು.

"ನೀನು ಯಾರ ಮಗಳವ್ವಾ? ಹೊಟ್ಟಿ ತುಂಬ ಉಣಿಸ್ತಿ. ನನ್ನ ಸೊಸಿ ಒಬ್ಬಾಕಿ ಅದಾಳ, ತುತ್ತು ಹಾಕಂಗಿಲ್ಲ."

ಮೊದಲಾಗಿದ್ದರೆ ಶಾಂತಕುಮಾರಿ ತಾಟು ಕುಕ್ಕಿ ಎದ್ದು ಹೋಗುತ್ತಿದ್ದಳು. ಈಗ ಅವಳಿಗೆ ನಗು ಬಂತು, ಮತ್ತೊಂದು ತುತ್ತು ಕಲಸಿದಳು.

"ಇರಲಿ ಬಿಡವ್ವಾ ಅಕಿ ಸುದ್ದಿ. ಇನ್ನೊಂದು ತುತ್ತು ಉಣ್ಣು."

ಬಾಗಿಲಲ್ಲಿ ನಿಂತು ಕೇಳಿದ ಪಾಲಾಕ್ಷಪ್ಪ ಒಳಗೆ ಬಂದು ಕೈ ತೊಳೆದು ತಾಯಿಯ ಪಕ್ಕ ಕೂತ. "ನೀನು ಉಣ್ಣು ಹೋಗು ಶಾಂತಾ. ಇನ್ನ ಮ್ಯಾಲೆ ಮಧ್ಯಾಹ್ನದ್ದು ನಾನು ಉಣಿಸ್ತೀನಿ" ಎಂದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹಿರಿಯರೂ ಹೀಗೆ ಮರೆಯುತ್ತಿದ್ದರೆ ಅರಳು ಮರಳು ಎಂದು ನಗಬೇಡಿ, ಮುಚ್ಚಿಡಬೇಡಿ, ಉತ್ತರ ಕಲಿಸಿ ಪಾಸು ಮಾಡಿಸಬೇಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಎದುರುಮನೆಯ ಮುದುಕಿ ಹಸಿವು ಎಂದು ಬಂದರೆ ಕೂರಿಸಿ ನೀರು ಕೊಡಿ. ಅವಳ ಸೊಸೆಯನ್ನು ಬಯ್ಯುವ ಮೊದಲು, "ನೀನು ಉಂಡೆಯೇನವ್ವಾ?" ಎಂದು ಆ ಸೊಸೆಯನ್ನೊಮ್ಮೆ ಕೇಳಿ.