ಊಟದ ಮೇಜಿನ ಆರು ದೀಪ

ನಮ್ಮವರು ಶಾಲೆಯಲ್ಲಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುತ್ತಾರೆ. ಮನೆಯಲ್ಲಿ ಒಂದು ಪ್ಲಗ್ ಕೆಟ್ಟರೆ ಮಾತ್ರ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಇಂಥವರ ಹೆಂಡತಿಯೇ ಕಟ್ಟಿರಬೇಕು. ಹಾಗಾಗಿ ಆ ಭಾನುವಾರ ಅವರು ಏಣಿ ತಂದು ಊಟದ ಕೋಣೆಯ ನಡುವೆ ನಿಲ್ಲಿಸಿದಾಗ ನಾನು ಒಲೆ ಆರಿಸಿ ಓಡಿಬಂದೆ.

ಕಾರಣವೇನೋ ಸರಿಯಾದದ್ದೇ. ಊಟದ ಮೇಜಿನ ಮೇಲೆ, ಫಾಲ್ಸ್ ಸೀಲಿಂಗಿನೊಳಗೆ ಹುದುಗಿಸಿದ್ದ ಆರು ಹ್ಯಾಲೋಜನ್ ದೀಪಗಳು ಹಳತಾಗಿದ್ದವು. ಹಾಕಿದ ಸ್ವಲ್ಪ ಹೊತ್ತಿಗೆಲ್ಲ ನೆತ್ತಿ ಬಿಸಿಯಾಗುತ್ತಿತ್ತು. ಅವುಗಳ ಸುತ್ತ ಸೀಲಿಂಗ್ ಕಂದಿಹೋಗಿತ್ತು. ಒಂದು ಆಗಲೇ ಸತ್ತಿತ್ತು, ಅಂಥದ್ದು ಈಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

"ಎಲ್ಲಾ ಕಿತ್ತು ಎಲ್‌ಇಡಿ ಹಾಕಿಬಿಡ್ತೀನಿ. ಒಂದು ಗಂಟೆ ಕೆಲಸ," ಎಂದರು.

"ಎಲೆಕ್ಟ್ರಿಷಿಯನ್‌ನ ಕರೀರಿ."

"ಬಲ್ಬ್ ಬದಲಾಯಿಸೋಕೆ ಎಲೆಕ್ಟ್ರಿಷಿಯನ್ನಾ? ನನ್ನ ಏನು ಬರೀ ಬೋರ್ಡ್ ಮೇಲೆ ಗೀಚೋನು ಅಂದ್ಕೊಂಡಿದ್ದೀಯಾ?"

ಹಾಗೆಯೇ ಅಂದುಕೊಂಡಿದ್ದೆ. ಮೇಜು ಒರೆಸತೊಡಗಿದೆ.

ನನಗಿದ್ದ ಚಿಂತೆ ಅತ್ತೆಯದು. ಅವರಿಗೆ ಕಿವಿ ಕೇಳುವುದಿಲ್ಲ. ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. "ಊರೋರ ಮಾತೆಲ್ಲಾ ಕೇಳಿ ಕೇಳಿ ಕಿವಿ ಸವೆದುಹೋಯ್ತು ಕಣಮ್ಮ," ಎಂದು ತಾವೇ ತಮಾಷೆ ಮಾಡುತ್ತಾರೆ. ಎಷ್ಟೋ ಮನೆಗಳ ಗುಟ್ಟು ಅವರಿಗೆ ಗೊತ್ತಿತ್ತು, ಒಂದನ್ನೂ ಬಾಯಿಬಿಟ್ಟವರಲ್ಲ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವರು. ಕಿವಿಗೆ ಮಷಿನ್ನು ಹಾಕಿಸಿದರೆ ಅದು ಸೀಟಿ ಊದುತ್ತದೆಂದು ಕಿತ್ತು ಡ್ರಾಯರಿಗೆ ಹಾಕಿದರು. ಆಮೇಲೆ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತರು. ಅದಕ್ಕೆ ಬೇಕಾದದ್ದು ಬೆಳಕು. ಮಗನ ಎದುರಿನ ಕುರ್ಚಿ ಅವರದು. ಆ ದೀಪಗಳ ಕೆಳಗೆ ಬಿಡಿಸಿ ಹೇಳಿದರೆ, ಬೇಕಾದರೆ ಇನ್ನೊಮ್ಮೆ ಹೇಳಿದರೆ, ನಮ್ಮ ಒಂದು ಮಾತೂ ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ದಿನದಲ್ಲಿ ಅವರು ನಮ್ಮ ಜೊತೆ ಮಾತು, ನಗು, ಜಗಳ ಎಲ್ಲಕ್ಕೂ ಸೇರುತ್ತಿದ್ದದ್ದು ರಾತ್ರಿಯೂಟದ ಆ ಹೊತ್ತು ಮಾತ್ರ.

ಒಂದು ಗಂಟೆಯ ಕೆಲಸ ಸಂಜೆಯವರೆಗೆ ಎಳೆಯಿತು. ಮೊದಲೇ ಬೆರಳು ಸುಟ್ಟುಕೊಂಡರು. ಆಗತಾನೆ ಆರಿಸಿದ ಹ್ಯಾಲೋಜನ್ ಬಿಸಿಯಿರುತ್ತದೆಂಬುದು ಪಾಠದಲ್ಲಿ ಇಲ್ಲವೇನೋ. ಒಂದನ್ನು ರಭಸದಿಂದ ಎಳೆದದ್ದಕ್ಕೆ ಒಳಗಿದ್ದ ಟ್ರಾನ್ಸ್‌ಫಾರ್ಮರ್ ಡಬ್ಬಿ ತಂತಿ ಸಮೇತ ಜೋತುಬಿದ್ದು ಗಲ್ಲಕ್ಕೆ ಬಡಿಯಿತು. ಅದರ ಹಿಂದೆಯೇ ವರ್ಷಗಟ್ಟಲೆ ಕೂತಿದ್ದ ಧೂಳು, ನಾನು ಒರೆಸಿಟ್ಟ ಮೇಜಿನ ಮೇಲೆ. ನಾನು ಏಣಿ ಹಿಡಿದು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಕೊನೆಗೆ ಸ್ವಿಚ್ಚು ಹಾಕಿದರೆ ಆರೂ ದೀಪ ಪಟಪಟ ರೆಪ್ಪೆ ಬಡಿದವು. ಆರಿಸಿ ಹಾಕಿದೆವು, ಬಿಗಿ ಮಾಡಿದೆವು, ಬೈದೆವು. ಬಡಿಯುತ್ತಲೇ ಇದ್ದವು.

ಅತ್ತೆ ಬಂದು ಕೂತರು. ಕಣ್ಣು ಕಿರಿದು ಮಾಡಿ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಏನೋ ಇದು? ನಿಮ್ಮ ಬಾಯಿ ತುಂಡು ತುಂಡಾಗಿ ಕಾಣುತ್ತಲ್ಲೋ."

"ನಾಳೆ ಸರಿಮಾಡ್ತೀನಮ್ಮ."

"ಏನಂದೆ?"

"ನಾಳೆ!" ಎಂದು ಕಿರುಚಿದರು. ಕಿವುಡರಿಗೆ ಕಿರುಚಿ ಏನು ಪ್ರಯೋಜನ?

ಮಾರನೆಯ ದಿನ ಬೇರೆ ಕಂಪನಿಯ ಬಲ್ಬು ತಂದರು. ಅವು ಬಡಿಯುವುದರ ಜೊತೆಗೆ ಗುಂಯ್‌ಗುಟ್ಟಿದವು. ನಾನೇ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದೆ. "ಬರೋಣ ಮೇಡಂ, ಈ ಕಡೆ ಬಂದಾಗ ನೋಡೋಣ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಅಲ್ಲಿಟ್ಟ ದೀಪವಾದರೂ ನೆಟ್ಟಗೆ ಉರಿಯುತ್ತದೆ, ನಮ್ಮ ಮನೆಯವಕ್ಕೆ ಆ ಯೋಗ್ಯತೆಯೂ ಇರಲಿಲ್ಲ.

ಅತ್ತೆ ತಟ್ಟೆ ತೆಗೆದುಕೊಂಡು ತಮ್ಮ ಕೋಣೆಗೆ ಹೋದರು. "ಕಣ್ಣು ನೋಯುತ್ತೆ, ಅಲ್ಲೇ ತಿಂತೀನಿ." ಮರುದಿನವೂ ಹೋದರು. ಅದರ ಮರುದಿನ ನಾನು ಬಡಿಸುವ ಮೊದಲೇ ತಟ್ಟೆಗಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

"ರೀ, ಅವರಿಗೆ ಕಿವಿ ಅಂತ ಇದ್ದಿದ್ದೇ ಆ ದೀಪ. ಇನ್ನೂ ಎಷ್ಟು ದಿನ ಅವರನ್ನ ರೂಮಲ್ಲಿ ಕೂಡಿಹಾಕ್ತೀರಿ?"

"ನಾನೇನು ಬೇಕಂತ ಮಾಡ್ತಿದ್ದೀನಾ?"

ಆ ವಾರ ನಮಗೊಂದು ಕೆಟ್ಟ ಚಾಳಿ ಬೆಳೆಯಿತು. ಮೂಲೆಯಲ್ಲೊಂದು ಸಣ್ಣ ದೀಪ ಇಟ್ಟುಕೊಂಡು ಊಟ ಮಾಡುತ್ತಿದ್ದೆವು. ಆ ಮಬ್ಬಿನಲ್ಲಿ ಅತ್ತೆ ನೀರಿಗೆಂದು ಬಂದು ಪಕ್ಕದಲ್ಲೇ ನಿಂತರೂ ನಾವು ಮಾತು ತಗ್ಗಿಸುತ್ತಿರಲಿಲ್ಲ. ಅವರ ಮೇಲಿನ ಗೊಣಗಾಟವನ್ನು ಅವರ ಮುಂದೆಯೇ ಗೊಣಗುತ್ತಿದ್ದೆವು. ಸುಳ್ಳೇಕೆ, ನಾನೂ ಗೊಣಗಿದ್ದೇನೆ.

ಶನಿವಾರ ನಮ್ಮವರಿಗೆ ಕೊನೆಗೂ ಹೊಳೆಯಿತು. ಹಳೆಯ ಟ್ರಾನ್ಸ್‌ಫಾರ್ಮರ್ ಹ್ಯಾಲೋಜನ್ನಿನ ಭಾರಿ ಹೊರೆಗೆಂದು ಮಾಡಿದ್ದು, ಈ ಪುಟ್ಟ ಬಲ್ಬುಗಳ ಹೊರೆ ಅದಕ್ಕೆ ಸಾಲದು, ಅದಕ್ಕೇ ಈ ರೆಪ್ಪೆ ಬಡಿತ. ಬಲ್ಬನ್ನಷ್ಟೇ ಬದಲಿಸಿದರೆ ಆಗದು, ಡಬ್ಬಿಯನ್ನೂ ಕಿತ್ತೆಸೆದು ಇಡೀ ಸೆಟ್ಟು ಹೊಸದು ಹಾಕಬೇಕು. ತಂದರು. ತಂದ ದೀಪಗಳು ಸೀಲಿಂಗಿನ ತೂತಿಗಿಂತ ಚಿಕ್ಕವು, ಹಾಕಿದರೆ ಕೆಳಗೇ ಜಾರಿ ಬಂದವು. ಮತ್ತೆ ಅಂಗಡಿಗೆ ಓಟ. ಅಗಲವಾದ ಅಂಚಿನವು ಬಂದವು. ಇನ್ನೊಂದು ಭಾನುವಾರ ಪೂರ್ತಿ ಏಣಿಯ ಮೇಲೆ ಕಳೆಯಿತು.

ಹೊತ್ತು ಮುಳುಗಿ ಕೋಣೆ ಮಬ್ಬಾಯಿತು. ಇವತ್ತು ದೀಪ ಹತ್ತುತ್ತದೆಂದು ಅತ್ತೆಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಾಗಿತ್ತು. ತಲೆ ಬಾಚಿಕೊಂಡು, ತಟ್ಟೆ ಹಿಡಿದುಕೊಂಡು ಬಂದು ತಮ್ಮ ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಿದ್ದರು. ಅವರ ಬೆನ್ನ ಹಿಂದೆ, ಬಾಗಿಲ ಪಕ್ಕದ ಸ್ವಿಚ್ಚಿನ ಹತ್ತಿರ ನಾನಿದ್ದೆ.

ನಮ್ಮವರು ಕೊನೆಯ ದೀಪ ಸಿಕ್ಕಿಸಿ ಎರಡು ಮೆಟ್ಟಿಲು ಇಳಿದು ನನ್ನ ಕಡೆ ತಿರುಗಿದರು. ತಲೆಯ ತುಂಬ ಧೂಳು, ಬೆರಳಿಗೆ ಬ್ಯಾಂಡೇಜು. ವಾರದ ಸಿಟ್ಟೆಲ್ಲ ಒಟ್ಟಿಗೇ ಹೊರಬಿತ್ತು.

"ಹಾಕು ಸ್ವಿಚ್ಚು. ಎರಡು ಭಾನುವಾರ ಹಾಳಾಯ್ತು, ಸೊಂಟ ಬಿದ್ದುಹೋಯ್ತು. ಯಾರಿಗೋಸ್ಕರ?"

ನಾನು ಹಾಕಿದೆ. ಆರೂ ದೀಪ ಒಂದೇ ಸಲ ಹತ್ತಿದವು, ಒಂದಿಷ್ಟೂ ಅಲುಗದೆ. ಇಂಥ ಬೆಳಕು ಆ ಕೋಣೆಯಲ್ಲಿ ಎಂದೂ ಇರಲಿಲ್ಲ. ಅದು ನೆಟ್ಟಗೆ ನಮ್ಮವರ ಮುಖಕ್ಕೆ ಬಿತ್ತು. ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಅಮ್ಮ ರೂಮಲ್ಲೇ ಉಂಡಿದ್ರೆ ಏನಾಗ್ತಿತ್ತು? ಒಂದೊಂದು ಮಾತನ್ನೂ ಮೂರು ಸಲ ಹೇಳೋ ಕಾಟ ಇಲ್ದೆ ಈ ವಾರ ನಾವು ಎಷ್ಟು ಹಾಯಾಗಿ ಊಟ ಮಾಡಿದ್ವಿ!"

ಅತ್ತೆಯ ತಲೆ ಅಲುಗಲಿಲ್ಲ. ಅದು ಮಗನ ಬಾಯಿಯ ಕಡೆಗೇ ತಿರುಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೀಪ ಆರಿಸಿದರೆ ಆ ಮಾತು ವಾಪಸು ಹೋಗುವಂತಿದ್ದರೆ ನಾನು ಆ ಕ್ಷಣವೇ ಆರಿಸಿಬಿಡುತ್ತಿದ್ದೆ. ನನ್ನ ಬೆರಳು ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು.

"ಬೆಳಕು ಚೆನ್ನಾಗಿದೆ ಕಣೋ," ಎಂದರು ಅತ್ತೆ. "ಒಂದಕ್ಷರಾನೂ ಬಿಡದ ಹಾಗೆ ಕಾಣುತ್ತೆ."

ನಮ್ಮವರು ಏಣಿಯಿಂದ ಇಳಿದ ರೀತಿಗೆ ಬಿದ್ದೇಬಿಡುತ್ತಾರೆ ಅನ್ನಿಸಿತು. "ಅಮ್ಮ, ಅದು ಸುಸ್ತಲ್ಲಿ ಏನೋ..."

"ಕೈ ತೊಳ್ಕೊಂಡು ಬಾ. ತಲೆ ಎಲ್ಲಾ ಧೂಳಾಗಿದೆ."

ಅವರು ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಎದ್ದು ತಮ್ಮ ಕುರ್ಚಿಯನ್ನು ಮೇಜಿನ ಆ ಬದಿಗೆ ಎಳೆದುಕೊಂಡು, ಮಗನ ಕುರ್ಚಿಯ ಪಕ್ಕದಲ್ಲಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಓಡಿಹೋಗಿ ಅವರಿಗೆ ಕಾಣುವಂತೆ ಎದುರು ನಿಂತು, ಬಿಡಿಸಿ ಬಿಡಿಸಿ ಹೇಳಿದೆ.

"ಅತ್ತೆ, ಇಲ್ಲಿ ಕೂತ್ರೆ ನಿಮಗೆ ಅವರ ಮುಖ ಕಾಣಲ್ಲ."

"ಗೊತ್ತು ಕಣಮ್ಮ," ಎಂದರು. "ನೀವು ಹಾಯಾಗಿ ಊಟ ಮಾಡಿ." ಆಮೇಲೆ ತಟ್ಟೆಯ ಮೇಲೆ ಕಣ್ಣಿಟ್ಟು ಉಣ್ಣತೊಡಗಿದರು.